ಹಿರಿಯಳಿಯನ ಪಾಲಿಗೆ ಬಂದ ಗಾಳಿ

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ಗಾಲ್ಫ್ ಆಡುವವರು ಒಂದು ಚಿಟಿಕೆ ಹುಲ್ಲು ಕಿತ್ತು ಮೇಲಕ್ಕೆ ತೂರುತ್ತಾರೆ. ದೂರದಿಂದ ನೋಡಿದವರಿಗೆ ಯಾರೋ ಒಬ್ಬಂಟಿಯಾಗಿ ನಿಂತು ತನಗೆ ತಾನೇ ಅಕ್ಷತೆ ಹಾಕಿಕೊಳ್ಳುತ್ತಿದ್ದಾನೆ ಅನ್ನಿಸಬಹುದು. ಈ ಕರ್ಮವನ್ನು ನಾನು ಯಾವ ಲೋಪವೂ ಇಲ್ಲದೆ ನಡೆಸುತ್ತ ಬಂದಿದ್ದೇನೆ. ಹುಲ್ಲು ಬಲಕ್ಕೆ ಹಾರುತ್ತದೆ. ಗಾಳಿ ಎಡದಿಂದ ಬೀಸುತ್ತಿದೆ ಎಂದು ತೀರ್ಮಾನಿಸಿ, ಗಂಭೀರವಾಗಿ ತಲೆಯಾಡಿಸಿ, ಗುರಿಗಿಂತ ಒಂದಿಷ್ಟು ಎಡಕ್ಕೆ ಹೊಡೆಯುತ್ತೇನೆ. ಎಡದಿಂದ ಬೀಸುವ ಗಾಳಿ ಚೆಂಡನ್ನು ಬಲಕ್ಕೆ ತಳ್ಳಿ ಗುರಿಗೆ ಸೇರಿಸಬೇಕು. ಪುಸ್ತಕಗಳಲ್ಲಿ ಹಾಗೆ ಬರೆದಿದೆ. ನನ್ನ ಚೆಂಡು ಎಡಕ್ಕೆ ಹೋಗಿ ಎಡದಲ್ಲೇ ನೆಲೆಸುತ್ತದೆ. ಮರುಸಲ ನೇರಕ್ಕೆ ಹೊಡೆದರೆ, ಅಷ್ಟು ಹೊತ್ತು ಸುಮ್ಮನಿದ್ದ ಗಾಳಿಗೆ ತನ್ನ ಕರ್ತವ್ಯ ನೆನಪಾಗುತ್ತದೆ.

ನಿವೃತ್ತಿಯಾದ ಮೇಲೆ ಈ ಆಟಕ್ಕೆ ನನ್ನನ್ನು ಎಳೆದವನು ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರಾಗಿದ್ದು ತುಮಕೂರಿನ ಮರಳೂರಿನಲ್ಲಿ ಮನೆ ಮಾಡಿಕೊಂಡವನು. ಅವನು ಬ್ಯಾಂಕಿನಲ್ಲಿದ್ದು ಕುಣಿಗಲ್ಲಿನಲ್ಲಿ ನೆಲೆನಿಂತವನು. ಅವನಿಗೂ ನನಗೂ ಹೆಂಡತಿಯರ ತವರು ಗುಬ್ಬಿ ಬಿಟ್ಟರೆ ಬೇರೆ ಯಾವುದರಲ್ಲೂ ಹೊಂದಾಣಿಕೆ ಇರಲಿಲ್ಲ. ಕೆಲಸದಲ್ಲಿದ್ದಷ್ಟು ದಿನ ಹಬ್ಬಕ್ಕೋ ನಾಮಕರಣಕ್ಕೋ ಸಿಕ್ಕಿದಾಗ ಪೆಟ್ರೋಲಿನ ಬೆಲೆ ಮಾತಾಡಿ ಮುಗಿಸುತ್ತಿದ್ದೆವು. ಮನೆಯಲ್ಲಿ ಕೂರುವುದು ಶುರುವಾದ ಮೇಲೆ ಒಂದು ಭಾನುವಾರ ಅವನು ಬಂದು, ಬನ್ನಿ ಅಣ್ಣ, ಸುಮ್ಮನೆ ಓಡಾಡಿಕೊಂಡು ಬರೋಣ ಎಂದು ಕರೆದುಕೊಂಡು ಹೋದ. ಅಂದಿನಿಂದ ನಮ್ಮಿಬ್ಬರ ಭಾನುವಾರಗಳು ಅಲ್ಲೇ ಕಳೆದಿವೆ. ವಾರದ ಉಳಿದ ದಿನಗಳಲ್ಲಿ ನಾನು ತರಕಾರಿ ತರುತ್ತೇನೆ, ಪೇಪರು ಓದುತ್ತೇನೆ, ಭಾನುವಾರ ಯಾವಾಗ ಬರುತ್ತದೆ ಎಂದು ನೋಡುತ್ತೇನೆ. ಇದನ್ನು ಅವನಿಗೆ ಹೇಳಿಲ್ಲ. ಹೇಳುವ ಮಾತೂ ಅಲ್ಲ.

ಕುಣಿಗಲ್ಲಿನಿಂದ ಕೊತ್ತಗೆರೆ ಕಡೆ ಹೋಗಿ ಒಳಕ್ಕೆ ತಿರುಗಿದರೆ ಆ ಮೈದಾನ. ಹದಿನೆಂಟು ಗುಂಡಿಗಳಿರಬೇಕಾದ ಆಟಕ್ಕೆ ಇಲ್ಲಿರುವುದು ಒಂಬತ್ತೇ. ಮಿಕ್ಕ ಒಂಬತ್ತರ ಜಾಗದಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲ. ನಡುವೆ ದನಗಳು ನೀರು ಕುಡಿಯುವ ಒಂದು ಗೋಕಟ್ಟೆ. ಅದನ್ನು ಮುಚ್ಚಲು ಊರಿನವರು ಒಪ್ಪಲಿಲ್ಲ. ಆಗ ಯಾರೋ ಬುದ್ಧಿವಂತರು ಏಳನೇ ಗುಂಡಿಯನ್ನು ಗೋಕಟ್ಟೆಯ ಆಚೆ ದಡಕ್ಕೆ, ಚೆಂಡು ಹೊಡೆಯುವ ದಿಬ್ಬವನ್ನು ಈಚೆ ದಡಕ್ಕೆ ಹಾಕಿ, ನಡುವಿನ ನೀರನ್ನು ವಿಲಾಯಿತಿ ಶೈಲಿಯ ಅಡಚಣೆ ಎಂದು ಘೋಷಿಸಿದರು. ಎಮ್ಮೆಗಳು ಮಾತ್ರ ಈ ಘೋಷಣೆಯನ್ನು ಇನ್ನೂ ಒಪ್ಪಿಲ್ಲ. ಅವು ಮಧ್ಯಾಹ್ನದ ಹೊತ್ತಿಗೆ ನೀರಿಗಿಳಿದು, ಕತ್ತು ಮಾತ್ರ ಹೊರಗಿಟ್ಟುಕೊಂಡು, ನಮ್ಮ ಆಟ ನೋಡುತ್ತವೆ.

ಏಳನೆಯದು ಅಂಥ ದೂರವೇನಲ್ಲ. ಗಾಳಿ ಇಲ್ಲದ ದಿನ ಯಾರು ಬೇಕಾದರೂ ದಾಟಿಸಬಹುದು. ನಾನೂ ದಾಟಿಸಿದ್ದೇನೆ, ಸಾಕ್ಷಿಗಳಿದ್ದಾರೆ. ಆದರೆ ಆ ದಿಬ್ಬ ನೋಡುವುದು ಪಡುವಣಕ್ಕೆ, ಆಷಾಢದ ಗಾಳಿ ಬರುವುದೂ ಪಡುವಣದಿಂದ. ಎದುರು ಗಾಳಿ ಎಂದು ಗೊತ್ತಿದ್ದರೆ ಸಾಕಲ್ಲ ಎನ್ನಬಹುದು. ಸಾಲದು. ದಿಬ್ಬದ ಪಕ್ಕದಲ್ಲಿ ಹುಣಸೆ ಮರವಿದೆ. ಅದರ ಮರೆಯಲ್ಲಿ ನಿಂತು ಹುಲ್ಲು ತೂರಿದರೆ ಹುಲ್ಲು ನಿಮ್ಮ ಬೂಟಿನ ಮೇಲೇ ಬೀಳುತ್ತದೆ. ಆಚೆ ದಡದಲ್ಲಿ ಗುಂಡಿಯ ಬಾವುಟ ಬಲಕ್ಕೆ ಪಟಪಟಿಸುತ್ತಿರುತ್ತದೆ. ಅದರ ಹಿಂದಿನ ತೆಂಗಿನ ಗರಿಗಳು ಎಡಕ್ಕೆ ಬಾಗಿರುತ್ತವೆ. ನೀರಿನ ಮೇಲಿನ ಅಲೆ ನೇರವಾಗಿ ನಿಮ್ಮ ಕಡೆಗೆ ಬರುತ್ತಿರುತ್ತದೆ. ನಾಲ್ಕು ಸಾಕ್ಷಿಗಳು, ನಾಲ್ಕು ಹೇಳಿಕೆಗಳು. ಇವುಗಳಲ್ಲಿ ಯಾವುದು ಸುಳ್ಳು ಹೇಳುತ್ತಿದೆ ಎಂದು ಯೋಚಿಸುತ್ತ ನಿಂತಾಗ ಹಿಂದೆ ಕಾಯುತ್ತಿರುವವರು ಕೆಮ್ಮಲು ಆರಂಭಿಸುತ್ತಾರೆ. ಕೆಮ್ಮಿಗೆ ಹೆದರಿ, ಎದುರು ಗಾಳಿಯಲ್ಲವೇ, ನಾಲ್ಕು ಪಟ್ಟು ಜೋರಾಗಿ ಹೊಡೆಯೋಣ ಎಂದು ಹೊಡೆದರೆ ಅಲ್ಲೇ ಇರುವುದು ಕೇಡು. ಜೋರಾಗಿ ಹೊಡೆದಷ್ಟೂ ಚೆಂಡು ಹೆಚ್ಚು ತಿರುಗುತ್ತದೆ, ತಿರುಗಿದಷ್ಟೂ ಎದುರು ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ಅದು ಗಾಳಿಪಟದ ಹಾಗೆ ಏರಿ, ಆಕಾಶದಲ್ಲಿ ಒಂದು ಕ್ಷಣ ನಿಂತು, ಬಿಟ್ಟ ಜಾಗಕ್ಕೇ ಮರಳುವ ಮನಸ್ಸು ಮಾಡಿ, ಎಮ್ಮೆಗಳ ನಡುವೆ ಬೀಳುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮ ಕ್ಲಬ್ಬಿನ ಜೋಡಿ ಪಂದ್ಯ ನಡೆಯುವುದು ಆಷಾಢದಲ್ಲೇ. ಕಾರಣ ಬಹಳ ಸರಳ. ಆಷಾಢದಲ್ಲಿ ಮದುವೆಗಳಿಲ್ಲ, ಗೃಹಪ್ರವೇಶಗಳಿಲ್ಲ, ಸದಸ್ಯರೆಲ್ಲರಿಗೂ ಭಾನುವಾರ ಪುರುಸೊತ್ತು. ಮಾಘ ಮಾಸದಲ್ಲಿ ಎಲೆ ಅಲುಗುವುದಿಲ್ಲ, ಆಗ ಆಡಿಸಿ ಎಂದು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ. ಮಾಘದಲ್ಲಿ ಮುಹೂರ್ತಗಳಿರುತ್ತವೆ, ಬರುವವರಾರು ಎಂದರು. ಒಳ್ಳೆಯ ಗಳಿಗೆಗಳನ್ನೆಲ್ಲ ಮದುವೆಗೆ ಕೊಟ್ಟು, ಯಾರಿಗೂ ಬೇಡವಾದ ಗಾಳಿಯ ತಿಂಗಳನ್ನು ಗಾಳಿಗೆ ಹೆದರುವ ಆಟಕ್ಕೆ ಇಟ್ಟಿದ್ದಾರೆ. ನನ್ನ ತಕರಾರನ್ನು ನಡಾವಳಿಯಲ್ಲಿ ಬರೆದುಕೊಳ್ಳಲೂ ಇಲ್ಲ.

ಜೋಡಿ ಪಂದ್ಯದಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು. ಒಂಬತ್ತೂ ಗುಂಡಿಗಳಿಗೆ ಅದನ್ನು ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಹಾಕಿದ ಜೋಡಿ ಗೆದ್ದಂತೆ. ಒಬ್ಬ ಹೊಡೆದ ಮೇಲೆ ಇನ್ನೊಬ್ಬ ಹೊಡೆಯಬೇಕು. ಮೊದಲ ಗುಂಡಿಯನ್ನು ಯಾರು ಆರಂಭಿಸುತ್ತಾರೋ ಅವರೇ ಮೂರು, ಐದು, ಏಳು, ಒಂಬತ್ತನ್ನೂ ಆರಂಭಿಸಬೇಕು. ಜೊತೆಗಾರನಿಗೆ ಎರಡು, ನಾಲ್ಕು, ಆರು, ಎಂಟು. ಯಾರು ಆರಂಭಿಸಬೇಕು ಎನ್ನುವುದು ಜೋಡಿಯ ಇಷ್ಟ. ಬುದ್ಧಿಯಿರುವ ಜೋಡಿ ಗುಂಡಿಗಳನ್ನು ನೋಡಿ, ಯಾರಿಗೆ ಯಾವುದು ಬರುತ್ತದೆ ಎಂದು ಲೆಕ್ಕ ಹಾಕಿ ತೀರ್ಮಾನಿಸುತ್ತದೆ. ನಾವು ಹಾಗೆ ತೀರ್ಮಾನಿಸಲೇ ಇಲ್ಲ. ಅದು ಗುಬ್ಬಿಯಲ್ಲಿ ಎಂದೋ ತೀರ್ಮಾನವಾಗಿಬಿಟ್ಟಿತ್ತು. ಅತ್ತೆಯ ಮನೆಯ ಊಟದಲ್ಲಿ ಮೊದಲ ಎಲೆ ಹಿರಿಯಳಿಯನದು. ನಾನು ಕೂತ ಮೇಲೆ ಅವನು ಕೂರುತ್ತಾನೆ. ನನಗೆ ಪಾಯಸ ಬಿದ್ದ ಮೇಲೆ ಅವನಿಗೆ ಬೀಳುತ್ತದೆ. ಒಮ್ಮೆ ಬಡಿಸುವವರು ಮರೆತು ಅವನಿಗೆ ಮೊದಲು ಹೋಳಿಗೆ ಹಾಕಿದಾಗ ಅವನು ಅದನ್ನು ಮುಟ್ಟದೆ, ನನ್ನ ಎಲೆಗೆ ಹೋಳಿಗೆ ಬರುವವರೆಗೆ ಗೋಡೆ ನೋಡುತ್ತ ಕೂತಿದ್ದ. ಅಂಥವನು ಗಾಲ್ಫ್ ಮೈದಾನದಲ್ಲಿ ನನಗಿಂತ ಮೊದಲು ಹೊಡೆಯುತ್ತಾನೆಯೇ? ಮೊದಲ ವರ್ಷವೇ ಎರಡು ಹೆಜ್ಜೆ ಹಿಂದೆ ಸರಿದು, ನೀವು ಶುರು ಮಾಡಿ ಅಣ್ಣ ಎಂದ. ನಾನೂ ಮೊದಲ ಎಲೆಗೆ ಕೂರುವ ಗತ್ತಿನಲ್ಲೇ ಶುರು ಮಾಡಿದೆ. ಹೀಗೆ ಏಳನೇ ಗುಂಡಿ, ಅದರ ಗಾಳಿ, ಅದರ ಎಮ್ಮೆಗಳ ಸಮೇತ ನನ್ನ ಪಾಲಿಗೆ ಬಂತು. ಪ್ರತಿ ಆಷಾಢದಲ್ಲೂ ನಾವು ಆರರವರೆಗೆ ಮರ್ಯಾದಸ್ಥರು, ಏಳರ ನಂತರ ಕಡೆಯ ಸಾಲಿನವರು.

ಕಳೆದ ಆಷಾಢಕ್ಕೆ ಮುಂಚೆ ಒಂದು ಬೆಳಿಗ್ಗೆ ಹೆಂಡತಿ ಉಪ್ಪಿಟ್ಟು ತಂದಿಟ್ಟು, ಹೋಗದೆ ಅಲ್ಲೇ ನಿಂತಳು. ಉಪ್ಪಿಟ್ಟಿನ ಜೊತೆ ಸುದ್ದಿ ಇದೆ ಎಂದು ಗೊತ್ತಾಯಿತು.

"ಅವ್ರು ಮುಂದಿನ್ ಸಲ ಬೇರೆಯವ್ರ ಜೊತೆ ಆಡೋ ಯೋಚ್ನೆ ಮಾಡ್ತಾವ್ರಂತೆ ಕಣ್ರೀ. ನಿಮ್ಗೆ ಹೆಂಗೆ ಹೇಳೋದು ಅಂತ ನನ್ ತಂಗಿ ಒದ್ದಾಡ್ತಿದ್ಲು."

ಷಡ್ಡಕ ನನಗೆ ನೇರವಾಗಿ ಹೇಳುವ ಪ್ರಾಣಿಯಲ್ಲ. ಅವನು ಹೆಂಡತಿಗೆ, ಅವಳು ಅಕ್ಕನಿಗೆ, ಅಕ್ಕ ನನಗೆ, ಹೀಗೆ ಸುದ್ದಿ ಕುಣಿಗಲ್ಲಿನಿಂದ ಮರಳೂರಿಗೆ ತಲುಪಿತ್ತು. ಬೇರೆಯವರು ಎಂದರೆ ತುಮಕೂರಿನ ಒಬ್ಬ ಹಲ್ಲಿನ ಡಾಕ್ಟರು. ವಯಸ್ಸು ಚಿಕ್ಕದು, ಹೊಡೆತ ನೆಟ್ಟಗಿದೆ, ಹೊಸದಾಗಿ ಸದಸ್ಯರಾಗಿದ್ದಾರೆ, ಇನ್ನೂ ಜೊತೆಯಿಲ್ಲ. ಅವರೇ ಬಂದು ಕೇಳಿದ್ದರಂತೆ. ಈ ಆಷಾಢ ಒಂದು ಮುಗಿಯಲಿ, ಏಳನೆಯದು ಈ ಸಲವೂ ಹಾಗೇ ಆದರೆ ಆಮೇಲೆ ನೋಡೋಣ ಎಂದು ಷಡ್ಡಕ ಉತ್ತರ ಕೊಟ್ಟಿದ್ದಾನಂತೆ. ಪಂದ್ಯದಲ್ಲಿ ಜೊತೆ ತಪ್ಪಿದರೆ ಭಾನುವಾರದ ಅಭ್ಯಾಸವೂ ಹೋದಂತೆಯೇ. ನಾನು ಉಪ್ಪಿಟ್ಟು ಬಿಸಿಯಾಗಿದೆ ಎಂದೆ. ಅದು ಆರಿತ್ತು.

ಅಂದಿನಿಂದ ನಾನು ಗಾಳಿಯ ಅಧ್ಯಯನಕ್ಕೆ ಕೂತೆ. ಮರಳೂರಿನ ಮನೆಯ ಟೆರೇಸಿನ ಮೇಲೆ ಬೆಳಿಗ್ಗೆ ಸಂಜೆ ನಿಂತು, ಒಗೆದು ಹಾಕಿದ ಸೀರೆ ಯಾವ ಕಡೆ ಹಾರುತ್ತದೆ, ಎದುರು ಮನೆಯ ಪಂಚೆ ಯಾವ ಕಡೆ ಹಾರುತ್ತದೆ ಎಂದು ನೋಡತೊಡಗಿದೆ. ನಮ್ಮ ಸೀರೆ ರಸ್ತೆಯ ಕಡೆಗೆ, ಅವರ ಪಂಚೆ ನಮ್ಮ ಕಡೆಗೆ. ಪಕ್ಕದಲ್ಲಿ ಎದ್ದಿರುವ ಮೂರಂತಸ್ತಿನ ಕಟ್ಟಡ ಗಾಳಿಯನ್ನು ಸೀಳಿ ಇಬ್ಬರಿಗೂ ಬೇರೆ ಬೇರೆ ಹಂಚುತ್ತಿತ್ತು. ಇದರಿಂದ ನನಗೆ ತಿಳಿದದ್ದು ಗಾಳಿ ಒಂದಲ್ಲ, ಹಲವು ಎಂದು. ಅದರಿಂದ ಉಪಯೋಗವೇನೂ ಆಗಲಿಲ್ಲ. ಎದುರು ಮನೆಯವರು ತಮ್ಮ ಬಟ್ಟೆಗಳನ್ನು ನಾನು ಯಾಕೆ ಹೀಗೆ ನೋಡುತ್ತೇನೆ ಎಂದು ನನ್ನ ಹೆಂಡತಿಯನ್ನು ವಿಚಾರಿಸಿದ ಮೇಲೆ ಟೆರೇಸಿನ ಅಧ್ಯಯನ ನಿಂತಿತು.

ಮೈದಾನಕ್ಕೆ ಹೋಗಿ ಏಳನೇ ದಿಬ್ಬದ ಮೇಲೆ ನಿಂತು ನೋಡುವುದೇ ಸರಿ ಎಂದು ವಾರದ ನಡುವೆ ಒಬ್ಬನೇ ಕಾರು ಹತ್ತಿ ಹೋಗಿದ್ದೂ ಉಂಟು. ಗಾಳಿ ಬೀಸಿ ಬೀಸಿ ನಡುವೆ ಉಸಿರು ತೆಗೆದುಕೊಳ್ಳುತ್ತದೆ; ಆ ಬಿಡುವಿನಲ್ಲಿ ಹೊಡೆದರೆ ಆಯಿತಲ್ಲ ಎಂದು ಹೊಳೆಯಿತು. ಬಿಡುವಿಗಾಗಿ ಕಾದೆ. ಬಿಡುವು ಬಂತು. ಬಂದಿದೆಯೇ ಎಂದು ಖಚಿತ ಮಾಡಿಕೊಳ್ಳುವಷ್ಟರಲ್ಲಿ ಹೋಯಿತು. ಮುಂದಿನ ಬಿಡುವಿಗೆ ಸಿದ್ಧನಾಗಿ ಕೋಲು ಎತ್ತಿಕೊಂಡೇ ನಿಂತೆ, ತೋಳು ನೋಯತೊಡಗಿತು, ಇಳಿಸಿದೆ. ಇಳಿಸಿದ ಕೂಡಲೆ ಗಾಳಿ ನಿಂತಿತು.

ಇದೇ ಹೊತ್ತಿನಲ್ಲಿ ಗುಬ್ಬಿಯಲ್ಲಿ ಮೈದುನನ ಮನೆಯಲ್ಲಿ ಒಂದು ಊಟವಿತ್ತು. ಎಂದಿನಂತೆ ನನಗೆ ಮೊದಲ ಎಲೆ. ಷಡ್ಡಕ ಪಕ್ಕದಲ್ಲಿ ಕೂತ. ಅವನಿಗೆ ಸುದ್ದಿ ನನಗೆ ಮುಟ್ಟಿದೆ ಎಂದು ಗೊತ್ತು. ನನಗೆ ಗೊತ್ತೆಂದು ಅವನಿಗೆ ಗೊತ್ತು ಎಂದು ನನಗೂ ಗೊತ್ತು. ಪೆಟ್ರೋಲಿನ ಬೆಲೆ ಮಾತಾಡಿದೆವು. ಪಲ್ಯ ಬಡಿಸಿಕೊಳ್ಳುತ್ತ, ಎಲೆಯ ಕ್ರಮವನ್ನು ನೋಡುತ್ತ ಕೂತಿದ್ದಾಗ ನನಗೆ ಇಷ್ಟು ವರ್ಷ ಹೊಳೆಯದ ಸಂಗತಿಯೊಂದು ಹೊಳೆಯಿತು. ಅವನು ಮೊದಲು ಹೊಡೆದರೆ ಏಳನೆಯದು ಅವನದಾಗುತ್ತದೆ. ಅವನು ನನಗಿಂತ ಚೆನ್ನಾಗಿ ಆಡುತ್ತಾನೆ, ಇದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಅವನು ಬಾಯಿಬಿಟ್ಟು ಕೇಳಲಾರ. ಹಿರಿಯನನ್ನು ಹಿಂದೆ ನಿಲ್ಲಿಸುವುದಕ್ಕಿಂತ ಹಿರಿಯನನ್ನೇ ಬಿಟ್ಟುಬಿಡುವುದು ಅವನಿಗೆ ಹೆಚ್ಚು ಗೌರವದ ದಾರಿಯಾಗಿ ಕಂಡಿದೆ. ಕೊಡುವುದಾದರೆ ನಾನೇ ಕೊಡಬೇಕು. ಊಟ ಮುಗಿಯುವವರೆಗೂ ನನಗೆ ಬಾಯಿ ಬರಲಿಲ್ಲ. ಮೊದಲ ಎಲೆ ರುಚಿಯ ವಸ್ತು.

ಪಂದ್ಯದ ದಿನ ಬೆಳಿಗ್ಗೆ ಗಾಳಿ ಎಷ್ಟಿತ್ತೆಂದರೆ ಶಾಮಿಯಾನ ಕಟ್ಟುವವರು ಕಟ್ಟುವುದನ್ನು ಬಿಟ್ಟು ಅದರ ಮೇಲೆ ಕೂತಿದ್ದರು. ಹಲ್ಲಿನ ಡಾಕ್ಟರಿಗೆ ಜೊತೆ ಇಲ್ಲದ್ದರಿಂದ ಅವರನ್ನು ನಮ್ಮ ಜೋಡಿಯ ಹೊಡೆತ ಬರೆದುಕೊಳ್ಳಲು ಹಾಕಿದ್ದರು. ಬಹಳ ಒಳ್ಳೆಯವರು, ನಯವಾಗಿ ನಮಸ್ಕಾರ ಮಾಡಿದರು. ಆದರೂ ಬಸ್ಸಿನಲ್ಲಿ ನಮ್ಮ ಸೀಟಿನ ಪಕ್ಕ ಕಂಬಿ ಹಿಡಿದು ನಿಂತು, ಇವರು ಎಲ್ಲಿ ಇಳಿಯುತ್ತಾರೋ ಎಂದು ನೋಡುವ ಪ್ರಯಾಣಿಕನ ಕಳೆ ಅವರ ಮುಖದಲ್ಲಿತ್ತು. ಅವರ ಫೋನಿನಲ್ಲಿ ಗಾಳಿಯ ವೇಗ ತೋರಿಸುವ ಏನೋ ಒಂದು ಇತ್ತು. ಅದನ್ನು ನನಗೆ ತೋರಿಸಿದರು. ಅದು ತುಮಕೂರಿನ ಗಾಳಿಯಾಗಿತ್ತು.

ಮೊದಲ ದಿಬ್ಬದಲ್ಲಿ ಷಡ್ಡಕ ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ನಾನು ಮೂರು ಹೆಜ್ಜೆ ಹಿಂದೆ ಸರಿದೆ.

"ಈ ಸಲ ನೀನೇ ಶುರು ಮಾಡಪ್ಪ," ಎಂದೆ.

ಅವನಿಗೆ ಅರ್ಥವಾಯಿತು. ಮುಖ ಕೆಂಪಾಯಿತು.

"ಏನಣ್ಣ, ಹಂಗೆಲ್ಲಾದ್ರೂ ಉಂಟಾ. ನೀವಿದ್ದು ನಾನ್ ಹೊಡಿಯಾದಾ? ಗುಬ್ಬೀಲಿ ಗೊತ್ತಾದ್ರೆ ನನ್ನ ಏನಂದ್ಕತಾರೆ."

ಗುಬ್ಬಿಗೆ ಯಾರೂ ಹೇಳುವುದಿಲ್ಲ ಎಂದೆ. ನಿಮ್ಮ ಕೈಗುಣ ಒಳ್ಳೆಯದು, ನೀವೇ ಶುರು ಮಾಡಿ ಎಂದ. ನನ್ನ ಕೈಗುಣ ಗೋಕಟ್ಟೆಯ ತಳದಲ್ಲಿದೆ ಎಂದೆ. ಹೀಗೆ ಒಬ್ಬರನ್ನೊಬ್ಬರು ಮುಂದಕ್ಕೆ ಬಿಟ್ಟುಕೊಡುತ್ತ ನಾವಿಬ್ಬರೂ ದಿಬ್ಬದಿಂದ ಕೆಳಗೇ ಇಳಿದುಬಿಟ್ಟಿದ್ದೆವು. ಹಿಂದಿನ ಜೋಡಿ ಕೆಮ್ಮಿತು. ಯಾರು ಬೇಕಾದರೂ ಆರಂಭಿಸಬಹುದು, ನಿಯಮದಲ್ಲಿ ಅಡ್ಡಿಯಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಕೊನೆಗೆ ಷಡ್ಡಕ ದಿಬ್ಬ ಹತ್ತಿದ. ತಪ್ಪು ತಿಳಿಯಬೇಡಿ ಎಂದು ಒಮ್ಮೆ ನನಗೂ, ಆಮೇಲೆ ಗುಬ್ಬಿಯ ದಿಕ್ಕಿಗೂ ಹೇಳಿದಂತೆ ಗೊಣಗಿಕೊಂಡು ಹೊಡೆದ.

ಹೊಡೆತ ಸೊಗಸಾಗಿ ಬಿತ್ತು. ಎರಡನೆಯದನ್ನು ನಾನು ಆರಂಭಿಸಿದೆ, ಅದೂ ಪರವಾಗಿಲ್ಲ. ಸಮಸಂಖ್ಯೆಯ ಗುಂಡಿಗಳು ಮರಗಳ ಮರೆಯಲ್ಲಿವೆ, ಗಾಳಿ ತೀರಾ ತೊಂದರೆ ಕೊಡುವುದಿಲ್ಲ. ಇಂಥ ಸುಖವನ್ನು ಇಷ್ಟು ವರ್ಷ ಇವನೊಬ್ಬನೇ ಅನುಭವಿಸುತ್ತಿದ್ದನಲ್ಲ ಎಂದು ಹೊಟ್ಟೆ ಉರಿಯಿತು. ಆರು ಮುಗಿಯುವ ಹೊತ್ತಿಗೆ ನಾವು ಬಹುತೇಕ ಎಲ್ಲರಿಗಿಂತ ಮುಂದಿದ್ದೇವೆ ಎಂದು ಡಾಕ್ಟರು ಕಾರ್ಡು ನೋಡಿ ಹೇಳಿದರು. ಹೇಳುವಾಗ ಅವರ ಧ್ವನಿಯಲ್ಲಿ ಸಂತೋಷಕ್ಕೆ ಸ್ವಲ್ಪ ಜಾಗ ಕಡಿಮೆ ಇತ್ತು.

ಏಳನೇ ದಿಬ್ಬ. ಹುಣಸೆ ಮರ, ಗೋಕಟ್ಟೆ, ಬಾವುಟ, ತೆಂಗು, ಎಮ್ಮೆಗಳು, ಎಲ್ಲರೂ ಹಾಜರು. ಇಷ್ಟು ವರ್ಷ ಇಲ್ಲಿ ನಾನು ಹುಲ್ಲು ತೂರುವಾಗ ಷಡ್ಡಕ ಹಿಂದೆ ಕೈಕಟ್ಟಿ ನಿಂತು, ಎದುರು ಗಾಳಿ ಅಣ್ಣ, ಇನ್ನೊಂದು ದೊಡ್ಡ ಕೋಲು ತಗೊಳ್ಳಿ, ನಿಧಾನಕ್ಕೆ ಹೊಡೀರಿ ಎಂದು ಸಲಹೆ ಕೊಡುತ್ತಿದ್ದ. ಸಲಹೆ ಸರಿಯಾದದ್ದೇ. ಸರಿಯಾದ ಸಲಹೆಯಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ. ಈಗ ಅವನೇ ಬಗ್ಗಿ ಹುಲ್ಲು ಕಿತ್ತ. ತೂರಿದ. ಹುಲ್ಲು ಅವನ ಬೂಟಿನ ಮೇಲೆ ಬಿತ್ತು. ಬಾವುಟ ನೋಡಿದ. ತೆಂಗು ನೋಡಿದ. ಕೋಲು ಬದಲಿಸಿದ. ಮತ್ತೆ ಹುಲ್ಲು ಕಿತ್ತ. ಮೊದಲಿನ ಕೋಲನ್ನೇ ತೆಗೆದುಕೊಂಡ. ನಾನು ಕೈಕಟ್ಟಿ ನಿಂತಿದ್ದೆ. ಸಲಹೆ ನಾಲಗೆಯ ತುದಿಯವರೆಗೆ ಬಂದಿತ್ತು, ಕೊಡಲಿಲ್ಲ. ಅದು ಉದಾರತೆಯೋ ಸೇಡೋ ಈಗಲೂ ಗೊತ್ತಿಲ್ಲ. ಹಿಂದಿನ ಜೋಡಿ ಕೆಮ್ಮಿತು. ಅವನು ನಾಲ್ಕು ಪಟ್ಟು ಜೋರಾಗಿ ಹೊಡೆದ.

ಚೆಂಡು ಏರಿತು. ಆ ಏರುವಿಕೆಯನ್ನು ನಾನು ಬಲ್ಲೆ. ಇಷ್ಟು ವರ್ಷ ಕೆಳಗೆ ತಲೆ ಹಾಕಿಕೊಂಡು ನಿಲ್ಲುತ್ತಿದ್ದವನು ಮೊದಲ ಸಲ ಅದನ್ನು ಪೂರ್ತಿ ನೋಡಿದೆ. ಆಕಾಶದಲ್ಲಿ ನಿಂತಿತು, ಯೋಚಿಸಿತು, ಹಿಂದಿರುಗಿತು. ನೀರು ಸಣ್ಣಗೆ ಚಿಮ್ಮಿತು. ಒಂದು ಎಮ್ಮೆ ಕಿವಿ ಕೊಡವಿತು.

ಷಡ್ಡಕ ಕೋಲನ್ನು ನೋಡುತ್ತ ನಿಂತಿದ್ದ, ಅದು ಬೇರೆ ಯಾರದೋ ಎಂಬಂತೆ. ನನ್ನ ಎದೆಯಲ್ಲಿ ಏನೋ ಒಂದು ಹಗುರವಾಗಿ, ಅದಕ್ಕಾಗಿ ನಾಚಿಕೆಯೂ ಆಗಿ, ಅಯ್ಯೋ ಪಾಪ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರು ನನ್ನ ಕಡೆ ತಿರುಗಿ, ಈಗ ನೀವು ಸರ್ ಎಂದರು.

ನಿಯಮ ಹಾಗಿದೆ. ಚೆಂಡು ನೀರಿಗೆ ಹೋದರೆ ಒಂದು ಹೊಡೆತದ ದಂಡ. ಆದರೆ ಸರದಿ ಬದಲಾಗುವುದಿಲ್ಲ. ಅವನು ಹೊಡೆದಾಯಿತು, ಮುಂದಿನದು ಜೊತೆಗಾರನದು. ಅದನ್ನು ಹೊಡೆಯಬೇಕಾದದ್ದು ಈಚೆ ದಡದಿಂದಲೇ, ಅದೇ ನೀರಿನ ಮೇಲೆ, ಅದೇ ಗಾಳಿಗೆ. ವಂಶಪಾರಂಪರ್ಯದ ಹಕ್ಕನ್ನು ಬಿಟ್ಟುಕೊಟ್ಟು, ಮರ್ಯಾದೆಯನ್ನು ಮೊದಲ ದಿಬ್ಬದ ಕೆಳಗೆ ಇಳಿಸಿ ಬಂದವನನ್ನು ಏಳನೇ ಗುಂಡಿ ಹುಡುಕಿಕೊಂಡು ಬಂದಿತ್ತು.

ನಾನು ಹೊಸ ಚೆಂಡು ಇಟ್ಟೆ. ಷಡ್ಡಕ ಹತ್ತಿರ ಬಂದು, ಎಂದೂ ಕೇಳದವನು ಕೇಳಿದ.

"ಗಾಳಿ ಎತ್ಲಾಗೈತೆ ಅಂತೀರಣ್ಣ?"

"ನಂಗೊತ್ತಿಲ್ಲ ಕಣಯ್ಯ," ಎಂದೆ.

ಇಷ್ಟು ವರ್ಷಗಳಲ್ಲಿ ಆ ಜಾಗದಲ್ಲಿ ನಾನು ಆಡಿದ ನಿಜವಾದ ಮಾತು ಅದೊಂದೇ. ಹುಲ್ಲು ಕೀಳಲಿಲ್ಲ. ಚೀಲದಲ್ಲಿದ್ದುದರಲ್ಲಿ ಉದ್ದನೆಯ ಕೋಲು ತೆಗೆದುಕೊಂಡು, ಬೇಸರದಿಂದ, ಕಸ ಗುಡಿಸುವ ಹಾಗೆ ಮೆಲ್ಲಗೆ ಬೀಸಿದೆ. ಚೆಂಡು ಏರಲೇ ಇಲ್ಲ. ನೀರಿಗೆ ಮೊಳದಷ್ಟು ಮೇಲೆ, ಎಮ್ಮೆಗಳ ಕೊಂಬಿನ ಮಟ್ಟದಲ್ಲಿ ಸಾಗಿ, ಆಚೆ ದಡದ ಕಲ್ಲಿಗೆ ಬಡಿದು, ನೆಗೆದು, ಬಾವುಟವನ್ನು ಗೌರವದಿಂದ ಬಳಸಿಕೊಂಡು ಹೋಗಿ ಹಿಂದಿನ ಪೊದೆಯೊಳಗೆ ಸೇರಿತು. ದಾಟಿತ್ತು. ಪೊದೆಯಿಂದ ಅದನ್ನು ಹೊರಗೆ ತರಲು ಷಡ್ಡಕನಿಗೆ ಒಂದು ಹೊಡೆತ, ಇನ್ನೂ ಹೊರಗೆ ತರಲು ನನಗೊಂದು, ಆಮೇಲೆ ಗುಂಡಿಯ ಸುತ್ತ ಇಬ್ಬರಿಗೂ ಒಂದಿಷ್ಟು. ಡಾಕ್ಟರು ಬರೆದುಕೊಂಡು, ಗಾಳಿ ಜಾಸ್ತಿ ಇತ್ತು ಸರ್ ಎಂದರು. ನಾವು ಪ್ರತಿ ವರ್ಷ ಬರುವ ಸ್ಥಾನಕ್ಕಿಂತ ಒಂದು ಕೆಳಗೆ ಬಂದೆವು.

ಕ್ಯಾಂಟೀನಿನಲ್ಲಿ ವಡೆ ಕೊಟ್ಟರು. ಷಡ್ಡಕ ತನ್ನ ವಡೆಯನ್ನು ಮುಟ್ಟದೆ ಕೂತಿದ್ದ. ಡಾಕ್ಟರು ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುತ್ತ, ನಮ್ಮ ಕಡೆ ನೋಡದೆ ನಮ್ಮನ್ನೇ ಕೇಳಿಸಿಕೊಳ್ಳುತ್ತಿದ್ದರು. ಏಳನೆಯದು ಹಾಗೇ ಆಗಿದೆ. ಈಗ ಸುದ್ದಿ ನೇರವಾಗಿ ಬರುತ್ತದೋ ಮತ್ತೆ ಹೆಂಡತಿಯರ ಮೂಲಕ ಬರುತ್ತದೋ ಎಂದು ನಾನು ಕಾಯುತ್ತಿದ್ದೆ. ನನ್ನ ತಟ್ಟೆಗೆ ಚಟ್ನಿ ಬಂದ ಮೇಲೆ ಅವನು ವಡೆ ಮುರಿದ.

"ಬರೋ ವರ್ಷ ನೀವೇ ಶುರು ಮಾಡಿಬುಡಿ ಅಣ್ಣ," ಎಂದ, ಸ್ವಲ್ಪ ಗಟ್ಟಿಯಾಗಿಯೇ. "ನಾನ್ ಮುಂದೆ ನಿಂತಿದ್ದೇ ಸರಿಹೋಗ್ಲಿಲ್ಲ."

ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು.

ಬರುವ ವರ್ಷ ಎಂಬ ಎರಡು ಪದ ಬಿಟ್ಟರೆ ಆ ಹೊತ್ತಿಗೆ ನನಗೆ ಬೇರೇನೂ ಕೇಳಿಸಲಿಲ್ಲ. ಆಗಲಿ ನೋಡೋಣ ಎಂದು ದೊಡ್ಡ ಮನಸ್ಸು ಮಾಡಿದವನಂತೆ ಹೇಳಿ, ಇನ್ನೊಂದು ವಡೆ ತಿಂದು, ಕಾರು ಹತ್ತಿದೆ. ಸಂತೋಷದಲ್ಲಿ ಹೆಬ್ಬೂರು ದಾಟಿದ್ದು ಗೊತ್ತಾಗಲಿಲ್ಲ. ದಾಟಿದ ಮೇಲೆ ಅವನ ಮಾತಿನ ಉಳಿದ ಭಾಗ ನಿಧಾನವಾಗಿ ನನ್ನನ್ನು ತಲುಪಿತು. ನಾನು ಶುರು ಮಾಡಿದರೆ ಒಂದು ನನ್ನದು, ಮೂರು ನನ್ನದು, ಐದು ನನ್ನದು, ಏಳೂ ನನ್ನದೇ. ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಅವನಿಗೆ ಫೋನು ಮಾಡಿ, ಬೇಡಪ್ಪ, ನೀನೇ ಶುರು ಮಾಡು ಎಂದು ಹೇಳಿಬಿಡೋಣ ಅನ್ನಿಸಿತು. ಫೋನು ಕೈಗೆ ತೆಗೆದುಕೊಂಡೂ ಆಯಿತು.

ಮಾಡಲಿಲ್ಲ. ಡಾಕ್ಟರು ಇನ್ನೂ ಕ್ಯಾಂಟೀನಿನಲ್ಲೇ ಇದ್ದಿರಬಹುದು.